ಕೈಗೆ ಬಂದ ಜಯ ಜಾರಿದ ಮೇಲೆ

2022ನೆಯ ಇಸವಿಯ ಡಿಸೆಂಬರ್ 17ರಂದು ಮಿನಿಯಾಪೊಲಿಸ್ ನಗರದಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರ ಪೂರ್ವಾರ್ಧ ಮುಗಿದಾಗ, ಇಂಡಿಯಾನಾಪೊಲಿಸಿನ ಕೋಲ್ಟ್ಸ್ ತಂಡವು 33 ಅಂಕಗಳನ್ನು ಗಳಿಸಿದ್ದಿತು. ಎದುರಾಳಿಗಳಾದ ಮಿನೆಸೋಟದ ವೈಕಿಂಗ್ಸರ ಲೆಕ್ಕದಲ್ಲಿ ಇನ್ನೂ ಸೊನ್ನೆ. ಉತ್ತರಾರ್ಧವೂ ಅದರ ಮೇಲೊಂದು ಓವರ್‌ಟೈಮೂ ಕಳೆದು ಆಟ ನಿಂತಾಗ 39–36ರಿಂದ ಗೆದ್ದವರು ವೈಕಿಂಗ್ಸರು. 1920ರಲ್ಲಿ ಸ್ಥಾಪಿತವಾದ ನ್ಯಾಷನಲ್ ಫುಟ್‌ಬಾಲ್ ಲೀಗಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮುನ್ನಡೆಯನ್ನು ಕಳೆದುಕೊಂಡ ತಂಡ ಅದಕ್ಕೆ ಮೊದಲು ಯಾವುದೂ ಇರಲಿಲ್ಲ. ಇದಾಗಿ ವಾರ ತುಂಬುವುದರೊಳಗೆ ಕೋಲ್ಟ್ಸರ ಕೋಚ್ ಜೆಫ್ ಸ್ಯಾಟರ್ಡೇ ಅವರು, ಮುಂದಿನ ಪಂದ್ಯವನ್ನು ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ಅವರಿಗೆ ಬದಲಾಗಿ ನಿಕ್ ಫೋಲ್ಸ್ ಆರಂಭಿಸುವರೆಂದು ಪ್ರಕಟಿಸಿದರು. ಕುಸಿತವೊಂದು, ಅದರ ಬೆನ್ನಿಗೇ ಬದಲಾವಣೆಯೊಂದು: ಈ ಎರಡರ ನಡುವೆ ಕಾರ್ಯಕಾರಣಸಂಬಂಧವಿದೆಯೆಂದು ಲೋಕವು ಸಹಜವಾಗಿ ಭಾವಿಸುತ್ತದೆ. ಅಂಥ ಸಂಬಂಧ ವಸ್ತುತಃ ಎಷ್ಟಿದೆ, ಕೈಗೆ ಬಂದ ಜಯವನ್ನು ಚೆಲ್ಲಿಕೊಂಡ ತಂಡವು ಮರುವಾರ ತನ್ನ ಕ್ವಾರ್ಟರ್‌ಬ್ಯಾಕನನ್ನು ಬದಲಿಸುವುದು ನ್ಯಾಯವೆ, ನ್ಯಾಯವಾದರೂ ಪ್ರಯೋಜನಕರವೆ ಎಂಬುದು ಆ ಆಟದಲ್ಲಿ ಬಹುಕಾಲದಿಂದ ಚರ್ಚೆಯಾಗುತ್ತಲೇ ಬಂದಿರುವ ಪ್ರಶ್ನೆ.

ಪ್ರಶ್ನೆಯ ಸ್ವರೂಪ ತಿಳಿಯಬೇಕಾದರೆ ಆಟದ ಕಟ್ಟಳೆಗಳಲ್ಲಿ ಕೆಲವನ್ನಾದರೂ ಮನಸ್ಸಿಗೆ ತಂದುಕೊಳ್ಳಬೇಕು. ನೂರು ಗಜದ ಅಂಗಣದಲ್ಲಿ ಚೆಂಡನ್ನು ಹಿಡಿದ ತಂಡವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳ ಅಧಿಕಾರವನ್ನು ಪಡೆಯುತ್ತದೆ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಗಡಿಗೆರೆಯನ್ನು ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಆಮೇಲೆ ಒದ್ದು ಒಂದನ್ನೋ, ಇನ್ನೊಮ್ಮೆ ಗಡಿ ದಾಟಿ ಎರಡನ್ನೋ ಸೇರಿಸಿಕೊಳ್ಳಬಹುದು. ದೂರದಿಂದ ಕಂಬಗಳ ನಡುವೆ ಒದೆದು ಗಳಿಸುವ ಫೀಲ್ಡ್ ಗೋಲಿಗೆ ಮೂರು ಅಂಕ. ಪ್ರತಿಯೊಂದು ಪ್ರಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕನ ಕೈಗೆ. ಅದನ್ನು ಓಟಗಾರನ ತೋಳಿಗೆ ಕೊಡುವುದು, ದೂರದಲ್ಲಿ ಓಡುತ್ತಿರುವ ಸಹಚರನಿಗೆ ಎಸೆಯುವುದು, ಎದುರಾಳಿಗಳ ವ್ಯೂಹವನ್ನು ಕಂಡು ಯೋಜನೆಯನ್ನು ಆ ಕ್ಷಣದಲ್ಲಿಯೇ ಮಾರ್ಪಡಿಸುವುದು, ಇವೆಲ್ಲ ಅವನ ಕೆಲಸ. ಆದ್ದರಿಂದಲೇ ಗೆಲವಿನ ಕೀರ್ತಿಯಲ್ಲಿಯೂ ಸೋಲಿನ ಅಪಕೀರ್ತಿಯಲ್ಲಿಯೂ ಅವನಿಗೆ ಸಲ್ಲುವ ಪಾಲು ಅವನ ಯೋಗ್ಯತೆಯನ್ನು ಮೀರಿದ್ದಾಗಿರುತ್ತದೆ. ಪ್ರತಿ ಕ್ವಾರ್ಟರ್‌ಬ್ಯಾಕನ ಹೆಸರಿನ ಮುಂದೆ ಅವನು ಆರಂಭಿಸಿದ ಪಂದ್ಯಗಳ ಸೋಲುಗೆಲವುಗಳನ್ನು ಬರೆದಿಡುವ ಪದ್ಧತಿ ಆ ದೇಶದಲ್ಲಿದೆ. ಅವನಿಗೆ ರಕ್ಷಣೆ ಕೊಡುವ ಐವರು ದೈತ್ಯದೇಹಿಗಳಿಗಾಗಲಿ, ಎದುರಾಳಿಯನ್ನು ತಡೆಯುವ ಹನ್ನೊಂದು ಮಂದಿಗಾಗಲಿ ಅಂಥ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಇನ್ನು ಕಾಲದ ವಿಚಾರ. ಹದಿನೈದು ನಿಮಿಷಗಳ ನಾಲ್ಕು ಪಾದಗಳಾಗಿ ಒಟ್ಟು ಅರುವತ್ತು ನಿಮಿಷ ಆಟ. ಎಸೆದ ಚೆಂಡು ಯಾರ ಕೈಗೂ ಸಿಕ್ಕದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಚೆಂಡನ್ನು ಹೊತ್ತು ಓಡಿದವನು ಅಂಗಣದೊಳಗೇ ಬಿದ್ದರೆ ನಿಲ್ಲದೆ ನಡೆಯುತ್ತದೆ, ಮತ್ತು ಮುಂದಿನ ಪ್ರಯತ್ನಕ್ಕೆ ನಾಲ್ವತ್ತು ಸೆಕೆಂಡುಗಳವರೆಗೆ ಕಾದಿರಬಹುದು. ಎದುರಾಳಿಯಲ್ಲಿ ಗಡಿಯಾರವನ್ನು ನಿಲ್ಲಿಸುವ ಟೈಮ್‌ಔಟುಗಳು ಉಳಿದಿಲ್ಲವೆಂದಾದರೆ ಮುಂದಿರುವ ತಂಡವು ಮೂರು ಓಟಗಳಿಂದಲೇ ಎರಡು ನಿಮಿಷವನ್ನು ಕರಗಿಸಿಬಿಡಬಲ್ಲದು. ಕ್ರಿಕೆಟಿನಲ್ಲಿ ಬೆನ್ನಟ್ಟುವ ತಂಡಕ್ಕೆ ಉಳಿದಿರುವ ಓವರುಗಳನ್ನು ಎದುರಾಳಿ ಕಸಿದುಕೊಳ್ಳಲಾರದಷ್ಟೆ. ಇಲ್ಲಿ ಕಸಿದುಕೊಳ್ಳಬಹುದು, ಕಸಿದುಕೊಳ್ಳುವುದೇ ಒಂದು ವಿದ್ಯೆ. ಈ ವಿದ್ಯೆ ಇರುವಾಗಲೂ ದೊಡ್ಡ ಮುನ್ನಡೆಗಳು ಕರಗಿಹೋಗುವುದು ಹೇಗೆಂಬುದೇ ಆಶ್ಚರ್ಯ.

ಗೆದ್ದ ಆಟವನ್ನು ಕಾಪಾಡಿಕೊಳ್ಳುವ ಕ್ರಮವನ್ನು ಆ ಲೀಗು ಕಲಿತದ್ದೂ ಒಂದು ಅನರ್ಥದಿಂದಲೇ. 1978ರ ನವೆಂಬರ್ 19ರಂದು ನ್ಯೂಯಾರ್ಕಿನ ಜೈಂಟ್ಸ್ ತಂಡ ಫಿಲಡೆಲ್ಫಿಯದ ಈಗಲ್ಸ್ ತಂಡದೆದುರು 17–12ರಿಂದ ಮುಂದಿದ್ದು, ಕೆಲವೇ ಸೆಕೆಂಡುಗಳು ಉಳಿದಿದ್ದಾಗ, ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ಮೇಲಿನವರ ಆಜ್ಞೆಯಂತೆ ಚೆಂಡನ್ನು ಓಟಗಾರ ಲ್ಯಾರಿ ಜೊಂಕಾ ಅವರಿಗೆ ಕೊಡಹೋದರು. ಚೆಂಡು ಜಾರಿ ಪುಟಿಯಿತು. ಅದನ್ನು ಎತ್ತಿಕೊಂಡ ಹರ್ಮನ್ ಎಡ್ವರ್ಡ್ಸ್ ಓಡಿ ಗಡಿ ದಾಟಿದರು. ಈಗಲ್ಸ್ 19–17ರಿಂದ ಗೆದ್ದರು. ಆ ಆಟವನ್ನು ಆರಿಸಿದ ಸಹಾಯಕ ಕೋಚ್ ಮರುದಿನವೇ ಕೆಲಸ ಕಳೆದುಕೊಂಡರು. ಕ್ವಾರ್ಟರ್‌ಬ್ಯಾಕನು ಚೆಂಡು ಬಂದೊಡನೆ ಮೊಳಕಾಲೂರಿ ಗಡಿಯಾರವನ್ನು ಓಡಗೊಡುವ ರೀತಿ ಸರ್ವತ್ರ ರೂಢಿಗೆ ಬಂದದ್ದು ಆ ಸೋಲಿನ ತರುವಾಯ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ತಪ್ಪು ಕಂಡದ್ದು ಪಿಸಾರ್ಚಿಕರ ಕೈಯಲ್ಲಾದರೂ ಅದು ಹುಟ್ಟಿದ್ದು ಆಟವನ್ನು ಆರಿಸಿದವರ ಬುದ್ಧಿಯಲ್ಲಿ. ಆ ತಂಡವು ದಂಡವನ್ನು ವಿಧಿಸಿದಾಗ ಈ ವಿವೇಕವನ್ನು ಮರೆಯಲಿಲ್ಲ.

ಕುಸಿತಗಳ ಕಾರಣವನ್ನು ವಿಚಾರಿಸಿದವರು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ಧೈರ್ಯವೇ ಕುಗ್ಗಿತೆನ್ನುವವರು, ಆಟದ ಗತಿಯೇ ಎದುರಾಳಿಯ ಕಡೆಗೆ ತಿರುಗಿತೆನ್ನುವವರು ಬಹುಮಂದಿ. ಪ್ರೇಕ್ಷಕನ ಕಣ್ಣಿಗೆ ಹಾಗೆ ತೋರುವುದೂ ನಿಜ. ಗಣಿತವನ್ನು ನಂಬಿದವರು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಗೆಲವು ಖಚಿತವೆಂಬ ಸ್ಥಿತಿಯಲ್ಲಿಯೂ ಉಳಿದ ಒಂದು ಪಾಲು ಇದ್ದೇ ಇರುತ್ತದೆ, ಒಂದು ಋತುವಿನಲ್ಲಿ 272 ಪಂದ್ಯಗಳು ನಡೆಯುವಾಗ ಆ ಒಂದು ಪಾಲು ಎಲ್ಲಿಯೋ ಒಮ್ಮೆ ತಲೆದೋರಲೇಬೇಕು ಎನ್ನುತ್ತಾರೆ. ಇದನ್ನು ಅಲ್ಲಗಳೆಯುವಂತಿಲ್ಲ, ಆದರೆ ಇಂಥ ಉತ್ತರದಿಂದ ಕೋಚಿಗೆ ಮರುದಿನ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ನನ್ನ ಮಟ್ಟಿಗೆ, ಒಂದೊಂದು ಕುಸಿತವನ್ನೂ ಹತ್ತಿರದಿಂದ, ಆಟದಿಂದಾಟಕ್ಕೆ ಬಿಡಿಸಿ ನೋಡುವ ಮಾರ್ಗವೇ ಹೆಚ್ಚು ಬೆಳಕನ್ನು ಕೊಡುವಂಥದು. ಹಾಗೆ ನೋಡಲು 2017ರ ಫೆಬ್ರವರಿ 5ರಂದು ಹ್ಯೂಸ್ಟನಿನಲ್ಲಿ ನಡೆದ, ಲೀಗಿನ ಅಂತಿಮ ಪಂದ್ಯವಾದ ಐವತ್ತೊಂದನೆಯ ಸೂಪರ್ ಬೌಲಿಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಅದರಲ್ಲಿ ಸೋತ ಕ್ವಾರ್ಟರ್‌ಬ್ಯಾಕ್ ಕೂಡ ಇದೇ ಮ್ಯಾಟ್ ರಯನ್.

ಆ ವರ್ಷದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದಿದ್ದ ರಯನ್ ಅವರ ಅಟ್ಲಾಂಟ ಫಾಲ್ಕನ್ಸ್ ತಂಡವು ಮೂರನೆಯ ಪಾದದಲ್ಲಿ ನ್ಯೂ ಇಂಗ್ಲೆಂಡಿನ ಪೇಟ್ರಿಯಟ್ಸ್ ತಂಡಕ್ಕಿಂತ 28–3ರಿಂದ ಮುಂದಿದ್ದಿತು. ನಾಲ್ಕನೆಯ ಪಾದದಲ್ಲಿ ಸುಮಾರು ಎಂಟೂವರೆ ನಿಮಿಷ ಉಳಿದಿದ್ದು, ಅಂಕಗಳು 28–12 ಆಗಿದ್ದಾಗ, ಮೂರನೆಯ ಪ್ರಯತ್ನದಲ್ಲಿ ಬೇಕಾಗಿದ್ದುದು ಒಂದೇ ಗಜ. ಓಡುವುದಕ್ಕೆ ಬದಲಾಗಿ ಎಸೆಯುವ ಆಟವನ್ನು ಆರಿಸಲಾಯಿತು. ರಕ್ಷಣೆಗೆ ನಿಂತಿದ್ದ ಓಟಗಾರ ಎದುರಾಳಿಯನ್ನು ತಡೆಯಲು ತಪ್ಪಿದನು. ಡಾಂಟ ಹೈಟವರ್ ನುಗ್ಗಿ ಬಂದು ರಯನ್ ಅವರ ಕೈಯಿಂದ ಚೆಂಡನ್ನು ಬಡಿದು ಕೆಡವಿದರು. ಕ್ಷಣಮಾತ್ರದಲ್ಲಿ ಪೇಟ್ರಿಯಟ್ಸರ ಟಚ್‌ಡೌನ್, ಅದರ ಮೇಲೆ ಎರಡು ಅಂಕ: 28–20. ಇದಾದ ಮೇಲೂ ಫಾಲ್ಕನ್ಸರ ಗೆಲವು ಕೈಬಿಟ್ಟಿರಲಿಲ್ಲ. ರಯನ್ ಎಸೆದ ಚೆಂಡನ್ನು ಜೂಲಿಯೊ ಜೋನ್ಸ್ ಅಂಗಣದ ಅಂಚಿನಲ್ಲಿ, ಎರಡು ಪಾದಗಳ ತುದಿಯನ್ನು ಮಾತ್ರ ಒಳಗೆ ಊರಿ, ಗಾಳಿಯಲ್ಲಿ ಹಿಡಿದ ಆ ಹಿಡಿತವು ಆಟದ ಸೌಂದರ್ಯವನ್ನು ಬಲ್ಲ ಯಾರೂ ಮರೆಯತಕ್ಕದ್ದಲ್ಲ. ತಂಡವು ಎದುರಾಳಿಯ 22ನೆಯ ಗಜದ ಗೆರೆಯಲ್ಲಿತ್ತು; ಸುಮಾರು ನಾಲ್ಕೂವರೆ ನಿಮಿಷ ಉಳಿದಿತ್ತು. ಅಲ್ಲಿಂದ ಒದೆದು ಮೂರು ಅಂಕ ಸೇರಿಸಿದ್ದರೆ ಮುನ್ನಡೆ ಹನ್ನೊಂದಾಗಿ, ಎದುರಾಳಿ ಎರಡು ಸಲ ಅಂಕ ಗಳಿಸದೆ ಸರಿಗಟ್ಟಲಾಗದ ಸ್ಥಿತಿ ಬರುತ್ತಿದ್ದಿತು.

ಆದರೆ ನಡೆದದ್ದು ಬೇರೆ. ಒಂದು ಓಟದಲ್ಲಿ ಒಂದು ಗಜ ಹಿಂದೆ. ಮುಂದಿನ ಪ್ರಯತ್ನದಲ್ಲಿ ಮತ್ತೆ ಎಸೆತದ ಯೋಜನೆ, ಟ್ರೇ ಫ್ಲವರ್ಸ್ ರಯನ್ ಅವರನ್ನು ನೆಲಕ್ಕೆ ಕೆಡವಿದಾಗ ಹನ್ನೆರಡು ಗಜ ಹಿಂದೆ. ಅದರ ಮುಂದಿನದರಲ್ಲಿ ರಕ್ಷಣೆಯ ಸಾಲಿನವನೊಬ್ಬನು ಎದುರಾಳಿಯನ್ನು ಹಿಡಿದೆಳೆದುದಕ್ಕೆ ದಂಡವಾಗಿ ಹತ್ತು ಗಜ ಹಿಂದೆ. ಒದೆಯುವ ದೂರವೇ ತಪ್ಪಿಹೋಗಿ, ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ಪೇಟ್ರಿಯಟ್ಸರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತಮ್ಮ ತಂಡವನ್ನು 91 ಗಜ ನಡೆಸಿಕೊಂಡು ಬಂದು 28–28 ಮಾಡಿದರು. ಓವರ್‌ಟೈಮಿನಲ್ಲಿ ನಾಣ್ಯದ ಟಾಸನ್ನೂ ಗೆದ್ದು, ಫಾಲ್ಕನ್ಸರಿಗೆ ಚೆಂಡನ್ನು ಮುಟ್ಟಲೂ ಅವಕಾಶ ಕೊಡದೆ, ಜೇಮ್ಸ್ ವೈಟ್ ಅವರ ಓಟದಿಂದ 34–28ರ ಜಯವನ್ನು ಪಡೆದರು. ಆ ದಿನ ಪೇಟ್ರಿಯಟ್ಸರು ಚೆಂಡು ಹಿಡಿದು ನಡೆಸಿದ ಪ್ರಯತ್ನಗಳು 93, ಫಾಲ್ಕನ್ಸರು ನಡೆಸಿದವು 46. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಫಾಲ್ಕನ್ಸರ ರಕ್ಷಕರು ಕಡೆಯ ಪಾದದಲ್ಲಿ ಉಸಿರು ಕಟ್ಟಿ ನಿಂತದ್ದು ಧೈರ್ಯದ ಅಭಾವದಿಂದಲ್ಲ, ದೇಹದ ಬಳಲಿಕೆಯಿಂದ ಎಂಬುದು ವಿದಿತವಾಗುತ್ತದೆ. ಎಸೆತದ ಆಟಗಳನ್ನು ಆರಿಸಿದ ಕೈಲ್ ಶಾನಹನ್, ತಪ್ಪಿದ ಓಟಗಾರ, ದಂಡ ತೆತ್ತ ರಕ್ಷಕ, ಚೆಂಡನ್ನು ಹೊರಕ್ಕೆ ಎಸೆದುಬಿಡದೆ ಹಿಡಿದುಕೊಂಡ ರಯನ್: ಎಲ್ಲರದೂ ಇದರಲ್ಲಿ ಪಾಲುಂಟು. ಅಟ್ಲಾಂಟ ಮಾತ್ರ ರಯನ್ ಅವರನ್ನು ಬದಲಿಸುವ ಮಾತನ್ನೂ ಆಡಲಿಲ್ಲ. ಮುಂದಿನ ಋತುವಿನಲ್ಲಿ ಅವರೇ ತಂಡವನ್ನು ಪ್ಲೇಆಫಿನವರೆಗೆ ಕರೆದೊಯ್ದರು. ಅಲ್ಲಿ ಫಿಲಡೆಲ್ಫಿಯದ ಈಗಲ್ಸರ ಕೈಯಲ್ಲಿ 15–10ರಿಂದ ಸೋತರು. ಈಗಲ್ಸರ ಕ್ವಾರ್ಟರ್‌ಬ್ಯಾಕ್, ಗಾಯಗೊಂಡಿದ್ದ ಕಾರ್ಸನ್ ವೆಂಟ್ಜ್ ಅವರ ಸ್ಥಾನದಲ್ಲಿ ನಿಂತಿದ್ದ ನಿಕ್ ಫೋಲ್ಸ್.

ಈ ಫೋಲ್ಸ್ ಅವರ ಆಟಜೀವನವೇ ನಮ್ಮ ಪ್ರಶ್ನೆಗೆ ಒಂದು ಭಾಷ್ಯದಂತಿದೆ. ಆ ಪಂದ್ಯದ ಕೆಲವೇ ವಾರಗಳ ನಂತರ, 2018ರ ಫೆಬ್ರವರಿ 4ರಂದು, ಅವರು ಬ್ರೇಡಿಯವರ ಪೇಟ್ರಿಯಟ್ಸರನ್ನು 41–33ರಿಂದ ಸೋಲಿಸಿ ಸೂಪರ್ ಬೌಲಿನ ಶ್ರೇಷ್ಠ ಆಟಗಾರರೆನಿಸಿದರು. 2020ರ ಸೆಪ್ಟೆಂಬರಿನಲ್ಲಿ ಷಿಕಾಗೊ ಬೇರ್ಸ್ ತಂಡದಲ್ಲಿ ಎರಡನೆಯವರಾಗಿ ಕುಳಿತಿದ್ದ ಅವರನ್ನು ಅಟ್ಲಾಂಟದೆದುರಿನ ಪಂದ್ಯದ ಮಧ್ಯದಲ್ಲಿ ಮಿಚೆಲ್ ಟ್ರುಬಿಸ್ಕಿಯವರ ಬದಲು ಇಳಿಸಲಾಯಿತು. ಕಡೆಯ ಪಾದದಲ್ಲಿ 26–10ರಿಂದ ಹಿಂದಿದ್ದ ತಂಡವು ಅವರ ಮೂರು ಟಚ್‌ಡೌನ್ ಎಸೆತಗಳಿಂದ 30–26ರ ಗೆಲವನ್ನು ಪಡೆಯಿತು. ಸೋತವರು ಪುನಃ ರಯನ್. ಅದಕ್ಕೆ ಒಂದು ವಾರ ಮೊದಲು ಇದೇ ಫಾಲ್ಕನ್ಸ್ ತಂಡವು ಡಲ್ಲಾಸಿನಲ್ಲಿ, ನೆಲದ ಮೇಲೆ ಉರುಳಿಬರುತ್ತಿದ್ದ ಕಿರುಒದೆತದ ಚೆಂಡನ್ನು ಆಟಗಾರರು ನೋಡುತ್ತ ನಿಂತುಬಿಟ್ಟು, 40–39ರಿಂದ ಸೋತಿದ್ದಿತು. ಆ ಚೆಂಡು ಉರುಳುವಾಗ ಕ್ವಾರ್ಟರ್‌ಬ್ಯಾಕನು ಅಂಗಣದಲ್ಲಿಯೇ ಇರುವುದಿಲ್ಲ. ಆದರೂ ಆ ಎರಡೂ ಸೋಲುಗಳು ಜನರ ಬಾಯಲ್ಲಿ ರಯನ್ ಅವರ ಹೆಸರಿಗೇ ಅಂಟಿಕೊಂಡವು. ಐದು ಪಂದ್ಯಗಳಲ್ಲಿ ಐದೂ ಸೋತ ಮೇಲೆ ಸ್ಥಾನ ಕಳೆದುಕೊಂಡವರು ಕೋಚ್ ಡ್ಯಾನ್ ಕ್ವಿನ್.

ಇಂಡಿಯಾನಾಪೊಲಿಸಿನ ಕತೆಗೆ ಮೂರನೆಯ ಪಾತ್ರವೊಂದು ಬೇಕು. ಅವರು ಫ್ರ್ಯಾಂಕ್ ರೈಕ್. 1984ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡದಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು ಅರ್ಧಾಟಕ್ಕೆ 31–0ರಿಂದ ಹಿಂದಿದ್ದ ಪಂದ್ಯವನ್ನು ಮಯಾಮಿಯ ಎದುರು 42–40ರಿಂದ ಗೆಲ್ಲಿಸಿದರು. 1993ರ ಜನವರಿ 3ರಂದು, ಬಫಲೊ ಬಿಲ್ಸ್ ತಂಡದ ಜಿಮ್ ಕೆಲ್ಲಿ ಮೊಳಕಾಲಿನ ಗಾಯದಿಂದ ಹೊರಗಿದ್ದಾಗ, ರೈಕ್ ಹ್ಯೂಸ್ಟನ್ ಆಯ್ಲರ್ಸ್ ತಂಡದೆದುರು 35–3ರಿಂದ ಹಿಂದೆ ಬಿದ್ದಿದ್ದ ಪ್ಲೇಆಫ್ ಪಂದ್ಯವನ್ನು ಓವರ್‌ಟೈಮಿನಲ್ಲಿ 41–38ರಿಂದ ಗೆಲ್ಲಿಸಿಕೊಟ್ಟರು. ಮೂವತ್ತೆರಡು ಅಂಕಗಳ ಆ ದಾಖಲೆ ಮೂವತ್ತು ವರ್ಷದ ಹತ್ತಿರಹತ್ತಿರ ನಿಂತಿತು. ಆಯ್ಲರ್ಸರು ಮರುದಿನ ತಮ್ಮ ರಕ್ಷಣಾ ವಿಭಾಗದ ಮುಖ್ಯಸ್ಥರನ್ನು ಕಳುಹಿಸಿಬಿಟ್ಟರು. ಕ್ವಾರ್ಟರ್‌ಬ್ಯಾಕ್ ವಾರನ್ ಮೂನ್ ಮುಂದಿನ ಋತುವನ್ನು ಆರಂಭಿಸಿದರು. ಬಫಲೊದ ಕಡೆಯಲ್ಲಿಯೂ ಒಂದು ನಿರ್ಣಯ ಉಳಿದಿತ್ತು. ರೈಕ್ ಇಷ್ಟು ದೊಡ್ಡ ಗೆಲವಿನ ಮೇಲೆ ಪಿಟ್ಸ್‌ಬರ್ಗಿನಲ್ಲಿ 24–3ರಿಂದ ಇನ್ನೊಂದನ್ನೂ ಗೆದ್ದಿದ್ದರು. ಆದರೆ ಕೆಲ್ಲಿ ಗುಣಹೊಂದಿದೊಡನೆ ಮಯಾಮಿಯಲ್ಲಿ ನಡೆದ ಮುಂದಿನ ಪಂದ್ಯಕ್ಕೆ ಕೆಲ್ಲಿಯವರನ್ನೇ ನಿಲ್ಲಿಸಲಾಯಿತು, ಬಫಲೊ 29–10ರಿಂದ ಗೆದ್ದಿತು. ಒಂದು ಮಧ್ಯಾಹ್ನದ ಅದ್ಭುತವು ಅನೇಕ ವರ್ಷಗಳ ಅನುಭವದಿಂದ ಮೂಡಿದ ನಿರ್ಣಯವನ್ನು ಅಳಿಸತಕ್ಕದ್ದಲ್ಲವೆಂಬ ಆ ಸಮಚಿತ್ತವನ್ನು ನಾನು ಬಹಳ ಗೌರವಿಸುತ್ತೇನೆ. ಅದ್ಭುತಕ್ಕೆ ಸಲ್ಲುವ ನ್ಯಾಯ ಅನರ್ಥಕ್ಕೂ ಸಲ್ಲಬೇಕಲ್ಲವೆ?

ಫೋಲ್ಸ್ ಸೂಪರ್ ಬೌಲ್ ಗೆದ್ದಾಗ ಈಗಲ್ಸರ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದವರು ಇದೇ ರೈಕ್. ಅದೇ ವರ್ಷ ಅವರು ಕೋಲ್ಟ್ಸರ ಮುಖ್ಯ ಕೋಚ್ ಆದರು. 2019ರ ಆಗಸ್ಟಿನಲ್ಲಿ ಆ ತಂಡದ ಪ್ರತಿಭಾವಂತ ಕ್ವಾರ್ಟರ್‌ಬ್ಯಾಕ್ ಆಂಡ್ರೂ ಲಕ್, ಗಾಯಗಳಿಂದ ಬಳಲಿ, ಇನ್ನೂ ಮೂವತ್ತು ತುಂಬುವ ಮೊದಲೇ ನಿವೃತ್ತರಾದ ಮೇಲೆ ಆ ಸ್ಥಾನವು ವರ್ಷಕ್ಕೊಬ್ಬರ ಪಾಲಾಯಿತು: ಬ್ರಿಸೆಟ್, ರಿವರ್ಸ್, ವೆಂಟ್ಜ್, ಬಳಿಕ 2022ರ ಮಾರ್ಚಿನಲ್ಲಿ ಅಟ್ಲಾಂಟದಿಂದ ತರಿಸಿಕೊಂಡ, ಮೂವತ್ತಾರು ದಾಟಿದ್ದ ರಯನ್. ಏಳು ಪಂದ್ಯಗಳಲ್ಲಿ ರಯನ್ ಒಂಬತ್ತು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದಿದ್ದರು, ಅವರ ಮುಂದಿನ ರಕ್ಷಣೆಯ ಸಾಲು ಮೇಲಿಂದ ಮೇಲೆ ಒಡೆಯುತ್ತಿದ್ದಿತು, ಭುಜಕ್ಕೂ ಪೆಟ್ಟಾಗಿದ್ದಿತು. ಅಕ್ಟೋಬರಿನ ಕಡೆಯಲ್ಲಿ ಅವರನ್ನು ಕೆಳಗಿಳಿಸಿ ಅನನುಭವಿಯಾದ ಸ್ಯಾಮ್ ಎಲಿಂಜರ್ ಅವರನ್ನು ನಿಲ್ಲಿಸಲಾಯಿತು. ವಾಷಿಂಗ್ಟನ್ನಿನೆದುರು 17–16, ನ್ಯೂ ಇಂಗ್ಲೆಂಡಿನೆದುರು 26–3: ಎರಡೂ ಸೋಲು. ನವೆಂಬರ್ 7ರಂದು ಒಡೆಯ ಜಿಮ್ ಇರ್ಸೆ ರೈಕ್ ಅವರನ್ನು ತೆಗೆದುಹಾಕಿ, ಕಾಲೇಜಿನಲ್ಲಾಗಲಿ ವೃತ್ತಿಪರ ಲೀಗಿನಲ್ಲಾಗಲಿ ಎಂದೂ ಕೋಚ್ ಆಗಿರದ, ತಂಡದ ಹಳೆಯ ಆಟಗಾರ ಸ್ಯಾಟರ್ಡೇ ಅವರನ್ನು ಆ ಸ್ಥಾನದಲ್ಲಿ ಕೂರಿಸಿದರು. ಸ್ಯಾಟರ್ಡೇ ರಯನ್ ಅವರನ್ನು ಮತ್ತೆ ಕರೆದರು; ಮೊದಲ ಪಂದ್ಯದಲ್ಲಿಯೇ ಲಾಸ್ ವೇಗಸಿನ ರೇಡರ್ಸ್ ತಂಡವನ್ನು 25–20ರಿಂದ ಸೋಲಿಸಿದರು. ರೈಕ್ ಹೊರಟು ನಾಲ್ವತ್ತು ದಿನಕ್ಕೆ, ಅವರು ಆಟಗಾರರಾಗಿ ಸ್ಥಾಪಿಸಿದ್ದ ದಾಖಲೆಯನ್ನು ಅವರೇ ಬಿಟ್ಟುಬಂದ ತಂಡವು ಸೋತು ಮುರಿಯಿತೆಂಬುದನ್ನು ಚರಿತ್ರೆಯ ಕ್ರೂರವಾದ ಯೋಗಾಯೋಗವೆನ್ನದೆ ವಿಧಿಯಿಲ್ಲ.

ಮಿನಿಯಾಪೊಲಿಸಿನ ಕುಸಿತಕ್ಕೆ ಮುನ್ಸೂಚನೆಗಳು ಇದ್ದುವು. ನವೆಂಬರ್ 20ರಂದು ಈಗಲ್ಸರೆದುರು ಕಡೆಯ ಪಾದಕ್ಕೆ 13–3ರಿಂದ ಮುಂದಿದ್ದು 17–16ರಿಂದ ಸೋತಿದ್ದರು. ಡಿಸೆಂಬರ್ 4ರಂದು ಡಲ್ಲಾಸಿನಲ್ಲಿ ಕಡೆಯ ಪಾದ ಆರಂಭವಾದಾಗ ಅಂತರ ಎರಡೇ ಅಂಕ; ಆ ಒಂದು ಪಾದದಲ್ಲಿ ಎದುರಾಳಿಗಳು 33 ಅಂಕ ಗಳಿಸಿ 54–19ರಿಂದ ಗೆದ್ದರು. ಮಿನಿಯಾಪೊಲಿಸಿನ ಪೂರ್ವಾರ್ಧದ ಮುನ್ನಡೆಯಾದರೂ ಬಹುಮಟ್ಟಿಗೆ ಆಕ್ರಮಣದಿಂದ ಬಂದದ್ದಲ್ಲ: ತಡೆದ ಒದೆತವೊಂದನ್ನು ಹಿಡಿದು ಓಡಿದ್ದರಿಂದ ಒಂದು ಟಚ್‌ಡೌನ್, ಎದುರಾಳಿಯ ಎಸೆತವನ್ನು ಕಸಿದು ಓಡಿದ್ದರಿಂದ ಇನ್ನೊಂದು, ಉಳಿದುದರಲ್ಲಿ ಹೆಚ್ಚಿನದು ಫೀಲ್ಡ್ ಗೋಲುಗಳು. ತಂಡದ ಪ್ರಮುಖ ಓಟಗಾರ ಜೋನಥನ್ ಟೇಲರ್ ಪಂದ್ಯದ ಆರಂಭದಲ್ಲಿಯೇ ಪಾದದ ಕೀಲಿನ ಗಾಯದಿಂದ ಹೊರಬಿದ್ದಿದ್ದರು. ಗಡಿಯಾರವನ್ನು ಕರಗಿಸುವ ವಿದ್ಯೆಗೆ ಆಧಾರವಾದವನೇ ಇಲ್ಲದಿದ್ದ ಮೇಲೆ ಮುನ್ನಡೆಯ ಬುಡ ಸಡಿಲವಾಗಿಯೇ ಇತ್ತೆನ್ನಬೇಕು.

ಉತ್ತರಾರ್ಧದಲ್ಲಿ ಕೋಲ್ಟ್ಸರು ಸೇರಿಸಿದ್ದು ಮೂರೇ ಅಂಕ. ವೈಕಿಂಗ್ಸರ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರ ಎಸೆತಗಳು ಆ ದಿನ 460 ಗಜಗಳಷ್ಟಾದವು. 36–28 ಆಗಿದ್ದಾಗ, ಎರಡೂವರೆ ನಿಮಿಷದಷ್ಟು ಆಟ ಉಳಿದಿದ್ದಾಗ, ಎದುರಾಳಿಯ 36ನೆಯ ಗಜದ ಗೆರೆಯಲ್ಲಿ ನಾಲ್ಕನೆಯ ಪ್ರಯತ್ನ. ಬೇಕಾದದ್ದು ಒಂದು ಗಜ. ಆ ಗಜ ಸಿಕ್ಕಿದ್ದರೆ ಪಂದ್ಯ ಮುಗಿದಂತೆಯೇ. ರಯನ್ ಚೆಂಡನ್ನು ತಾವೇ ಹಿಡಿದು ತಮ್ಮ ಸಾಲಿನ ಬೆನ್ನ ಹಿಂದಿನಿಂದ ಮುಂದಕ್ಕೆ ಒತ್ತಿದರು. ಸಾಲು ಮುಂದೆ ಸರಿಯಲಿಲ್ಲ. ಎರಡು ಕಡೆಯ ದೇಹಗಳ ರಾಶಿಯ ನಡುವೆ ಅವರು ನಿಂತಲ್ಲಿಯೇ ಸಿಕ್ಕಿಬಿದ್ದರು. ಮರುಪ್ರಯತ್ನದಲ್ಲಿಯೇ ಡಾಲ್ವಿನ್ ಕುಕ್, ಗಿಡ್ಡನೆಯ ಎಸೆತವೊಂದನ್ನು ಹಿಡಿದು 64 ಗಜ ಓಡಿ ಗಡಿ ದಾಟಿದರು, ಟಿ. ಜೆ. ಹಾಕಿನ್ಸನ್ ಎರಡು ಅಂಕಗಳನ್ನು ಕೂಡಿಸಿ ಸಮಮಾಡಿದರು. ಓವರ್‌ಟೈಮಿನಲ್ಲಿ ಮೂರು ಸೆಕೆಂಡು ಉಳಿದಿರುವಂತೆ ಗ್ರೆಗ್ ಜೋಸೆಫ್ 40 ಗಜದಿಂದ ಒದೆದು ಗೆಲ್ಲಿಸಿದರು. ಆ ಒಂದು ಗಜವನ್ನು ಕುರಿತು ಯೋಚಿಸಿದಷ್ಟೂ ನನಗೆ ಸ್ಪಷ್ಟವಾಗುವುದು ಇದು: ಮೂವತ್ತೇಳರ ಕ್ವಾರ್ಟರ್‌ಬ್ಯಾಕನ ಕಾಲಿನ ಬಲದ ಮೇಲೆ ಆ ಕ್ಷಣವನ್ನು ನಿಲ್ಲಿಸಿದ್ದು ಕೋಚುಗಳ ಆಯ್ಕೆ, ಸರಿಯದೆ ನಿಂತದ್ದು ಮುಂದಿನ ಸಾಲು, ಕುಕ್ ಅವರನ್ನು ಬಿಟ್ಟುಕೊಟ್ಟದ್ದು ರಕ್ಷಣೆ. ರಯನ್ ನಿರ್ದೋಷಿಯೆಂದು ನಾನು ಹೇಳುವುದಿಲ್ಲ. ಇಡೀ ಉತ್ತರಾರ್ಧದಲ್ಲಿ ತಂಡವನ್ನು ಮುಂದೆ ನಡೆಸಲಾರದೆ ಹೋದದ್ದು ಅವರ ಆಟದ ಕೊರತೆಯೇ; ಅವರ ತೋಳಿನ ವೇಗವೂ ಕಾಲಿನ ಚುರುಕೂ ಇಳಿದಿದ್ದವೆಂಬುದು ಆ ಋತುವಿನುದ್ದಕ್ಕೂ ಕಂಡಿದ್ದ ವಿಷಯ. ಆದರೆ ಅಕ್ಟೋಬರಿನಲ್ಲಿ ಕಂಡಿದ್ದ ಕೊರತೆಯನ್ನು ನವೆಂಬರಿನಲ್ಲಿ ಮನ್ನಿಸಿ ಡಿಸೆಂಬರಿನ ಅಪಮಾನದ ಮೇಲೆ ಪುನಃ ಕಂಡುಹಿಡಿಯುವುದು ವಿಮರ್ಶೆಯಲ್ಲ.

ಫೋಲ್ಸ್ ಅವರ ಆಯ್ಕೆಯ ಫಲ ಬೇಗನೆ ತಿಳಿಯಿತು. ಆ ಋತುವಿನಲ್ಲಿ ಒಮ್ಮೆಯೂ ಆಡದೆ ಕುಳಿತಿದ್ದ ಅವರು ಡಿಸೆಂಬರ್ 26ರಂದು ಲಾಸ್ ಏಂಜಲೀಸಿನ ಚಾರ್ಜರ್ಸ್ ತಂಡದೆದುರು ಮೂರು ಎಸೆತಗಳನ್ನು ಕಳೆದುಕೊಂಡು, ಏಳು ಸಲ ನೆಲಕ್ಕೆ ಕೆಡವಿಸಿಕೊಂಡು, 20–3ರಿಂದ ಸೋತರು. ಏಳು ಸಲ ಕೆಡವಿಸಿಕೊಂಡರೆಂಬ ಒಂದು ಮಾತಿನಲ್ಲಿಯೇ ರೋಗ ಎಲ್ಲಿತ್ತೆಂಬುದು ಅಡಗಿದೆ: ಬದಲಾದದ್ದು ಹಿಂದೆ ನಿಂತವನು, ಬದಲಾಗದೆ ಉಳಿದದ್ದು ಅವನ ಮುಂದೆ ನಿಂತ ಸಾಲು. ಜನವರಿ 1ರಂದು ನ್ಯೂಯಾರ್ಕಿನ ಜೈಂಟ್ಸರೆದುರು ಪಕ್ಕೆಗೆ ಪೆಟ್ಟು ಬಿದ್ದು ಅವರೂ ಹೊರನಡೆಯಬೇಕಾಯಿತು.

ಇಷ್ಟರಿಂದ ಕ್ವಾರ್ಟರ್‌ಬ್ಯಾಕನನ್ನು ಎಂದೂ ಬದಲಿಸಬಾರದೆಂಬ ಸಿದ್ಧಾಂತಕ್ಕೆ ಬರುವುದು ಅನುಚಿತ. ಆ ಆಟದ ಅತ್ಯಂತ ಪ್ರಸಿದ್ಧವಾದ ಬದಲಾವಣೆಯು ಇಪ್ಪತ್ತು ವರ್ಷಗಳ ಇತಿಹಾಸವನ್ನೇ ನಿರ್ಮಿಸಿತು. 2001ರ ಮಾರ್ಚಿನಲ್ಲಿ ಹತ್ತು ವರ್ಷಗಳಿಗೆ 103 ಮಿಲಿಯನ್ ಡಾಲರುಗಳ ಒಪ್ಪಂದ ಪಡೆದಿದ್ದ ಪೇಟ್ರಿಯಟ್ಸರ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೊ ಸೆಪ್ಟೆಂಬರಿನಲ್ಲಿ ತೀವ್ರವಾಗಿ ಗಾಯಗೊಂಡಾಗ, ಹಿಂದಿನ ವರ್ಷ ಹೊಸ ಆಟಗಾರರ ಆಯ್ಕೆಯಲ್ಲಿ 199ನೆಯವರಾಗಿ ಬಂದಿದ್ದ ಬ್ರೇಡಿ ಆ ಜಾಗಕ್ಕೆ ಬಂದರು. ನವೆಂಬರಿನಲ್ಲಿ ಬ್ಲೆಡ್ಸೊ ಗುಣಹೊಂದಿದ ಮೇಲೂ ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯವರನ್ನೇ ಇರಿಸಿಕೊಂಡರು. ಆ ನಿರ್ಧಾರವು ಒಂದು ಸೋಲಿನ ಕೋಪದಿಂದ ಹುಟ್ಟಿದ್ದಲ್ಲ. ವಾರಗಟ್ಟಲೆ ದಿನನಿತ್ಯದ ಅಭ್ಯಾಸದಲ್ಲಿಯೂ ಪಂದ್ಯಗಳಲ್ಲಿಯೂ ಕಂಡದ್ದನ್ನು ತೂಗಿ ಮಾಡಿದ್ದು. ಇನ್ನು ಆಟದ ನಡುವೆಯೇ ಮಾಡಿದ ಬದಲಾವಣೆಗೆ 2018ರ ಜನವರಿ 8ರ ಕಾಲೇಜು ಚಾಂಪಿಯನ್‌ಷಿಪ್ ನಿದರ್ಶನ. ಅಲಬಾಮದ ಕೋಚ್ ನಿಕ್ ಸೇಬನ್, ಅರ್ಧಾಟಕ್ಕೆ 13–0ರಿಂದ ಹಿಂದಿದ್ದಾಗ, ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ ಮೊದಲ ವರ್ಷದ ಟುವಾ ಟಾಗೊವೈಲೋವ ಅವರನ್ನು ಇಳಿಸಿ 26–23ರಿಂದ ಗೆದ್ದರು. ಎಸೆದೇ ಗೆಲ್ಲಬೇಕಾದ ಸನ್ನಿವೇಶಕ್ಕೆ ಎಸೆಯಬಲ್ಲವನು ಬೇಕೆಂಬ ನಿರ್ದಿಷ್ಟವಾದ ಕಾರಣ ಅಲ್ಲಿತ್ತು. ಕೂರಿಸಲ್ಪಟ್ಟ ಹರ್ಟ್ಸ್ ಅದೇ ವರ್ಷದ ಡಿಸೆಂಬರಿನಲ್ಲಿ, ಟುವಾ ಗಾಯಗೊಂಡಾಗ ಇಳಿದು, ಜಾರ್ಜಿಯದೆದುರು 35–28ರ ಗೆಲವನ್ನು ತಂದರು. ನವೆಂಬರ್ 20ರಂದು ಕೋಲ್ಟ್ಸರ ಮುನ್ನಡೆಯನ್ನು ಕಸಿದ ಈಗಲ್ಸರ ಕ್ವಾರ್ಟರ್‌ಬ್ಯಾಕ್ ಕೂಡ ಅವರೇ.

ಕೋಪದ ಬದಲಾವಣೆಗೆ ಮಾದರಿ ಬೇಕಾದರೆ ಬಫಲೊದತ್ತ ನೋಡಬಹುದು. 2017ರ ನವೆಂಬರಿನಲ್ಲಿ ಐದು ಗೆದ್ದು ನಾಲ್ಕು ಸೋತಿದ್ದ, ಆಗತಾನೆ ನ್ಯೂ ಆರ್ಲಿಯನ್ಸಿನ ಕೈಯಲ್ಲಿ 47–10ರಿಂದ ಪರಾಭವ ಹೊಂದಿದ್ದ ಬಿಲ್ಸ್ ತಂಡವು ಟೈರಾಡ್ ಟೇಲರ್ ಅವರನ್ನು ಕೂರಿಸಿ ಹೊಸಬರಾದ ನೇಥನ್ ಪೀಟರ್ಮನ್ ಅವರನ್ನು ನಿಲ್ಲಿಸಿತು. ಪೂರ್ವಾರ್ಧದಲ್ಲಿಯೇ ಐದು ಎಸೆತಗಳು ಎದುರಾಳಿಗಳ ಪಾಲಾದುವು. ಟೇಲರ್ ಹಿಂದಿರುಗಿದರು, ತಂಡವು 1999ರ ಋತುವಿನ ಬಳಿಕ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ಪೀಟರ್ಮನ್ ಅವರ ಹೆಸರು ಮಾತ್ರ ಆ ಒಂದು ಮಧ್ಯಾಹ್ನದ ಗುರುತಾಗಿ ಉಳಿದುಹೋಯಿತು. ಸಿದ್ಧನಾಗದವನನ್ನು ಇನ್ನೊಬ್ಬನ ತಪ್ಪಿಗಾಗಿ ಮುಂದೆ ನೂಕುವುದು ಆ ಯುವಕನಿಗೆ ಮಾಡುವ ಅನ್ಯಾಯವೆಂಬುದನ್ನು ಚರ್ಚೆಗಳಲ್ಲಿ ಯಾರೂ ಸಾಕಷ್ಟು ನೆನೆಯುವುದಿಲ್ಲ.

ಹಣದ ಪ್ರಸ್ತಾಪವನ್ನೂ ಬಿಡುವಂತಿಲ್ಲ. 2022ರಲ್ಲಿ ರೇಡರ್ಸ್ ತಂಡವು 17 ಅಂಕಗಳ ಅಥವಾ ಅದಕ್ಕೂ ಹೆಚ್ಚಿನ ಮುನ್ನಡೆಯನ್ನು ಮೂರು ಪಂದ್ಯಗಳಲ್ಲಿ ಕಳೆದುಕೊಂಡಿತು; ಡಿಸೆಂಬರ್ 8ರಂದು, ಎರಡು ದಿನದ ಹಿಂದೆಯಷ್ಟೆ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡವನ್ನು ಸೇರಿದ್ದ ಬೇಕರ್ ಮೇಫೀಲ್ಡ್ ಕಡೆಯ ಎರಡು ನಿಮಿಷದೊಳಗೆ 98 ಗಜ ನಡೆಸಿಕೊಂಡು ಬಂದು ಅವರನ್ನು 17–16ರಿಂದ ಸೋಲಿಸಿದರು. ತಿಂಗಳ ಕೊನೆಯಲ್ಲಿ ಒಂಬತ್ತು ಋತುಗಳಿಂದ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಡೆರೆಕ್ ಕಾರ್ ಅವರನ್ನು ಕೂರಿಸಲಾಯಿತು. ಅವರೇನಾದರೂ ತೀವ್ರವಾಗಿ ಗಾಯಗೊಂಡಿದ್ದರೆ ಮುಂದಿನ ವರ್ಷಗಳ ಸುಮಾರು 40 ಮಿಲಿಯನ್ ಡಾಲರು ಸಂಬಳಕ್ಕೆ ತಂಡವು ಬದ್ಧವಾಗುತ್ತಿದ್ದಿತು. ಇಂಥಲ್ಲಿ ಆರಂಭದ ಆಟಗಾರನ ಆಯ್ಕೆಯು ಅಂಗಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಗಿದ್ದಾಗ ಅದನ್ನು ಹಾಗೆಂದೇ ಹೇಳುವುದು ಲೇಸು; ಆಟದ ಕಾರಣವನ್ನು ಮುಂದಿಟ್ಟು ಆಟಗಾರನ ಮಾನವನ್ನು ತೆಗೆಯುವುದು ಲೇಸಲ್ಲ.

ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುವುದಾದರೆ, ಕ್ವಾರ್ಟರ್‌ಬ್ಯಾಕನು ಬದಲಾಗುವುದು ಅವನೇ ತಪ್ಪಿತಸ್ಥನೆಂಬ ಕಾರಣಕ್ಕಲ್ಲ, ವಾರದೊಳಗೆ ಬದಲಿಸಬಹುದಾದವನು ಅವನೊಬ್ಬನೇ ಎಂಬ ಕಾರಣಕ್ಕೆ. ರಕ್ಷಣೆಯ ಸಾಲನ್ನು ಕಟ್ಟಲು ವರ್ಷಗಳು ಬೇಕು. ಬಳಲಿದ ರಕ್ಷಕರಿಗೆ ಬದಲಿಗಳನ್ನು ಹೊಂದಿಸಲು ಒಂದು ಋತುವಾದರೂ ಬೇಕು. ಕೋಚನ್ನು ಬದಲಿಸಲು ಒಡೆಯನ ಮನಸ್ಸು ಬೇಕು. ಎರಡನೆಯ ಕ್ವಾರ್ಟರ್‌ಬ್ಯಾಕ್ ಮಾತ್ರ ಅಂಗಣದ ಅಂಚಿನಲ್ಲಿ ಸಿದ್ಧನಾಗಿ ನಿಂತಿರುತ್ತಾನೆ. ನೊಂದ ಅಭಿಮಾನಿಗಳಿಗೆ ಏನನ್ನಾದರೂ ಮಾಡಿತೋರಿಸಬೇಕೆಂಬ ಒತ್ತಾಯ ಬಂದಾಗ ಕೈ ಅವನತ್ತಲೇ ಹೋಗುತ್ತದೆ. ಕುಸಿತವನ್ನು ಕಂಡ ಕೋಚ್ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಸೋಲಿಗೆ ಯಾರನ್ನು ಕೂರಿಸಲಿ ಎಂಬುದಲ್ಲ. ಈ ಪಂದ್ಯ ನಡೆಯದೇ ಇದ್ದಿದ್ದರೆ ಮುಂದಿನ ವಾರ ಯಾರನ್ನು ನಿಲ್ಲಿಸುತ್ತಿದ್ದೆ ಎಂಬುದು. ಉತ್ತರ ಒಂದೇ ಆದರೆ ಬದಲಾವಣೆ ಅನವಶ್ಯಕ. ಬೇರೆಯಾದರೆ ಅದನ್ನು ಹಿಂದೆಯೇ ಮಾಡಬೇಕಾಗಿತ್ತು.

ಕೋಲ್ಟ್ಸರ ಆ ಋತುವಿನ ಕಡೆಯ ಪಂದ್ಯ 2023ರ ಜನವರಿ 8ರಂದು ಹ್ಯೂಸ್ಟನಿನ ಟೆಕ್ಸನ್ಸ್ ತಂಡದೊಡನೆ ನಡೆಯಿತು. ಆರಂಭಿಸಿದವರು ಮತ್ತೆ ಎಲಿಂಜರ್, ರಯನ್ ಆಡಲಿಲ್ಲ. ಒಂದು ನಿಮಿಷದೊಳಗಿನ ಆಟ ಉಳಿದಿದ್ದಾಗ ಕೋಲ್ಟ್ಸರು 31–24ರಿಂದ ಮುಂದಿದ್ದರು, ಎದುರಾಳಿಗೆ ನಾಲ್ಕನೆಯ ಪ್ರಯತ್ನದಲ್ಲಿ ಇಪ್ಪತ್ತು ಗಜ ಬೇಕಾಗಿತ್ತು. ಡೇವಿಸ್ ಮಿಲ್ಸ್ ಎಸೆದ ಚೆಂಡನ್ನು ಜೋರ್ಡನ್ ಏಕಿನ್ಸ್ ಗಡಿಯಾಚೆ ಹಿಡಿದರು. ಎರಡು ಅಂಕಗಳ ಪ್ರಯತ್ನದಲ್ಲಿಯೂ ಅವರೇ ಹಿಡಿದರು. 32–31ರಿಂದ ಕೋಲ್ಟ್ಸರು ಸತತ ಏಳನೆಯ ಪಂದ್ಯವನ್ನು ಸೋತರು. ನಾಲ್ಕು ಗೆಲವು, ಹನ್ನೆರಡು ಸೋಲು, ಒಂದು ಸಮದೊಡನೆ ಋತು ಮುಗಿಯಿತು. ಮಾರ್ಚಿನಲ್ಲಿ ತಂಡವು ರಯನ್ ಅವರನ್ನು ಬಿಟ್ಟುಕೊಟ್ಟಿತು. ಅವರು ಮತ್ತೆ ಆಡಲಿಲ್ಲ, 2024ರ ಏಪ್ರಿಲಿನಲ್ಲಿ ಅಟ್ಲಾಂಟದ ಆಟಗಾರನಾಗಿ ನಿವೃತ್ತರಾದರು. ಕೋಲ್ಟ್ಸರು ಷೇನ್ ಸ್ಟೈಕನ್ ಅವರನ್ನು ಕೋಚ್ ಆಗಿ ತಂದು, ಏಪ್ರಿಲಿನ ಆಯ್ಕೆಯಲ್ಲಿ ನಾಲ್ಕನೆಯ ಸರದಿಯಿಂದ ಆಂತೊನಿ ರಿಚರ್ಡ್ಸನ್ ಎಂಬ ತರುಣನನ್ನು ಪಡೆದರು. ತಂಡದ ಕ್ವಾರ್ಟರ್‌ಬ್ಯಾಕ್ ಯಾರಾಗಬೇಕೆಂಬ ವಿಚಾರವನ್ನು ಅವರು ಸೋಲಿನ ಮರುವಾರದಲ್ಲಲ್ಲದೆ, ಬಿಡುವಿನ ತಿಂಗಳುಗಳಲ್ಲಿ ಕುಳಿತು ಮಾಡಿದ್ದು ಆಗ.